ಬೆಂಗಳೂರಿನಲ್ಲಿ ಇಳಿದವರು ಸೋಗಾನೆ ತಲುಪುವ ಹೊಣೆ ಯಾರದು?

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ಪ್ರಯಾಣಿಕ ವಿಮಾನ ಶುರುವಾದ ಮೇಲೆ ನಮ್ಮ ಮಲೆನಾಡಿನವರು ಹೊರದೇಶದಿಂದ ಊರಿಗೆ ಬರುವ ರೀತಿಯೇ ಬದಲಾಗಿದೆ. ಮೊದಲೆಲ್ಲ ಬೆಂಗಳೂರಿನಲ್ಲಿ ಇಳಿದವರು ನೆಂಟರ ಮನೆಗೆ ಹೋಗಿ, ಸ್ನಾನ ಊಟ ಮುಗಿಸಿ, ರಾತ್ರಿ ರೈಲೋ ಬಸ್ಸೋ ಹಿಡಿಯುತ್ತಿದ್ದರು. ಈಗ ಮಕ್ಕಳು ಅಲ್ಲೇ ಕುಳಿತು ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಶಿವಮೊಗ್ಗಕ್ಕೆ ಬೇರೊಂದು ಟಿಕೆಟ್ ಮಾಡಿ, ನಡುವೆ ಎರಡೂವರೆ ಗಂಟೆ ಬಿಟ್ಟು, ‘ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀಯ ಅಮ್ಮ’ ಎಂದು ಹೇಳಿಬಿಡುತ್ತಾರೆ. ತೀರ್ಥಹಳ್ಳಿಯಲ್ಲಿ ರೈಲು, ಬಸ್ಸು, ವಿಮಾನದ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಹಾಗೆ ಎರಡು ಟಿಕೆಟ್‌ಗಳ ನಡುವೆ ಸಿಕ್ಕಿಕೊಂಡವರ ಫೋನು ನನಗೆ ಬರುತ್ತಲೇ ಇರುತ್ತದೆ. ಅದಕ್ಕೇ ಈ ಪತ್ರ.

ಬೇರೆ ಬೇರೆ ಮಾಡಿದ ಎರಡು ಟಿಕೆಟ್‌ಗಳಿಗೆ ಪರಸ್ಪರ ಯಾವ ಸಂಬಂಧವೂ ಇರುವುದಿಲ್ಲ. ಹೊರದೇಶದ ವಿಮಾನ ತಡವಾಗಿ ಬಂದರೆ ಶಿವಮೊಗ್ಗದ ವಿಮಾನದವರಿಗೆ ಅದು ಗೊತ್ತೂ ಆಗುವುದಿಲ್ಲ, ಗೊತ್ತಾದರೂ ಅವರು ಕಾಯಬೇಕಾಗಿಲ್ಲ. ಅವರ ಲೆಕ್ಕದಲ್ಲಿ ನೀವು ಬಾರದೇ ಹೋದ ಪ್ರಯಾಣಿಕರು. ಟಿಕೆಟ್ ಹಣ ಹೋಯಿತು. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಊರಿನವರೆಗೂ ಟಿಕೆಟ್ ಇದ್ದರೆ ಹಾಗಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಕಂಪನಿಯದೇ.

ಹೋದ ವರ್ಷ ಇಲ್ಲೇ ಆಗುಂಬೆ ಕಡೆಯ ಹಳ್ಳಿಯೊಂದರ ತಾಯಿ ಮಗಳ ಬಾಣಂತನ ಮುಗಿಸಿ ಅಮೆರಿಕದಿಂದ ಒಬ್ಬರೇ ವಾಪಸ್ಸಾದರು. ಮಂಡಿನೋವು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು ಎಂದು ಅಳಿಯ ವೀಲ್‌ಚೇರ್ ಕೇಳಿಯೇ ಕಳಿಸಿದ್ದರು. ಕೊಲ್ಲಿಯಲ್ಲಿ ಬದಲಿಸಿದ ವಿಮಾನ ಒಂದೂವರೆ ಗಂಟೆ ತಡ. ಇಮಿಗ್ರೇಷನ್ ಸಾಲು, ಆಮೇಲೆ ಬೆಲ್ಟಿನ ಮುಂದೆ ಎರಡು ದೊಡ್ಡ ಪೆಟ್ಟಿಗೆಗಳಿಗೆ ಕಾದದ್ದು. ವೀಲ್‌ಚೇರ್ ತಳ್ಳುತ್ತಿದ್ದ ಹುಡುಗ ಕಸ್ಟಮ್ಸ್ ದಾಟಿಸಿ, ಹೊರಬಾಗಿಲ ಹತ್ತಿರ ಇಳಿಸಿ, ಕೈಮುಗಿದು ಹೋದ. ಅವನ ತಪ್ಪಿಲ್ಲ, ಆ ಟಿಕೆಟ್ಟಿನ ಸೇವೆ ಅಲ್ಲಿಗೇ ಮುಗಿಯಿತು. ಶಿವಮೊಗ್ಗದ ಟಿಕೆಟ್ಟಿನಲ್ಲಿ ವೀಲ್‌ಚೇರ್ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆಕೆ ಟ್ರಾಲಿಯನ್ನು ತಾವೇ ತಳ್ಳಿಕೊಂಡು ಕೇಳುತ್ತಾ ಕೇಳುತ್ತಾ ಕೌಂಟರ್ ಹುಡುಕಿ ಹೋಗುವಷ್ಟರಲ್ಲಿ ಅದು ಮುಚ್ಚಿತ್ತು. ಆರು ತಿಂಗಳಿಂದ ರೀಚಾರ್ಜ್ ಮಾಡದ ಸಿಮ್ ಸತ್ತುಹೋಗಿತ್ತು. ವೈಫೈ ಹಾಕೋಣವೆಂದರೆ ಅದಕ್ಕೂ ಓಟಿಪಿ, ಆ ಓಟಿಪಿ ಬರಬೇಕಾದ್ದು ಸತ್ತ ಸಿಮ್ಮಿಗೇ. ಯಾರೋ ಪುಣ್ಯಾತ್ಮರ ಫೋನಿನಿಂದ ಬಾಯಿಪಾಠವಿದ್ದ ನನ್ನ ಅಂಗಡಿಯ ನಂಬರಿಗೆ ಮಾಡಿದರು. ‘ತಮ್ಮಾ, ನಾನಿಲ್ಲೇ ಎದುರಿಗೇ ನಿಂತಿದೀನಿ, ವಿಮಾನ ಇನ್ನೂ ಹೋಗ್ಲಿಲ್ಲಂತೆ, ಆದ್ರೂ ಬಿಡೂದಿಲ್ಲ ಅಂತಾರಲ್ಲ ಮಾರಾಯ’ ಎಂದು ಅವರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ವಿಮಾನ ಹೊರಡುವ ಸುಮಾರು ಒಂದು ಗಂಟೆ ಮೊದಲೇ ಲಗೇಜು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ. ಯಲಹಂಕದಲ್ಲಿದ್ದ ನನ್ನ ಭಾವಮೈದುನ ಹೋಗಿ ಕರೆದುಕೊಂಡು ಬಂದು, ರಾತ್ರಿ ರೈಲಿಗೆ ಹತ್ತಿಸಿದ. ಭಾವಮೈದುನ ಇಲ್ಲದವರು ಏನು ಮಾಡಬೇಕು?

ಒಂದು ವೇಳೆ ಸಮಯಕ್ಕೆ ಸರಿಯಾಗಿ ಹೋಗಿದ್ದರೂ ಅವರಿಗೆ ಇನ್ನೊಂದು ಪೆಟ್ಟು ಕಾದಿತ್ತು. ಅಮೆರಿಕದಿಂದ ಬರುವಾಗ ಸಾಮಾನ್ಯವಾಗಿ 23 ಕೆಜಿಯ ಎರಡು ಪೆಟ್ಟಿಗೆ ಬಿಡುತ್ತಾರೆ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಬಿಡುವುದು 15 ಕೆಜಿ. ಒಂದೇ ಟಿಕೆಟ್ ಆಗಿದ್ದರೆ ಹೊರದೇಶದ ತೂಕದ ಲೆಕ್ಕವೇ ಮುಂದಕ್ಕೂ ನಡೆಯುವುದು ರೂಢಿ. ಬೇರೆ ಟಿಕೆಟ್ ಆದರೆ ಹೆಚ್ಚಿನ ಒಂದೊಂದು ಕೆಜಿಗೂ ಕೌಂಟರಿನಲ್ಲೇ ಹಣ ಎಣಿಸಬೇಕು. ಉಳಿತಾಯವೆಂದು ಮಾಡಿದ್ದು ಅಲ್ಲೇ ಕರಗಿಹೋಗುತ್ತದೆ.

ಟಿಕೆಟ್ ಒಂದೇ ಇರಲಿ, ಎರಡಿರಲಿ, ಇಮಿಗ್ರೇಷನ್ ಮುಗಿಸಿ ಲಗೇಜು ಬಿಡಿಸಿಕೊಂಡು ಕಸ್ಟಮ್ಸ್ ದಾಟುವ ಕೆಲಸ ಬೆಂಗಳೂರಿನಲ್ಲೇ ಆಗಬೇಕು. ಪೆಟ್ಟಿಗೆಯ ಚೀಟಿಯಲ್ಲಿ ಶಿವಮೊಗ್ಗದ ಗುರುತಾದ ಆರ್‌ಕ್ಯೂವೈ ಎಂದಿದ್ದರೂ ಅದು ತಾನಾಗಿ ಮುಂದಿನ ವಿಮಾನಕ್ಕೆ ಹೋಗುತ್ತದೆಂದು ನಂಬಿಕೊಂಡು ಬೆಲ್ಟಿನ ಹತ್ತಿರ ನಿಲ್ಲದೆ ಬರಬಾರದು. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೆಲ್ಲ ಟರ್ಮಿನಲ್ 2ಕ್ಕೆ ಬರುತ್ತವೆ. ಶಿವಮೊಗ್ಗದ ವಿಮಾನ ಟರ್ಮಿನಲ್ 1ರದ್ದಾದರೆ ಹೊರಗೆ ಬಂದು, ಶಟಲ್ ಬಸ್ ಹತ್ತಿ, ಮತ್ತೆ ಬಾಗಿಲಲ್ಲಿ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ತೋರಿಸಿ, ಮತ್ತೆ ತಪಾಸಣೆ. ಇಷ್ಟಕ್ಕೆ ಎರಡೂವರೆ ಗಂಟೆ ಸಾಲುವುದು ಎಲ್ಲವೂ ಸರಿಯಾಗಿ ನಡೆದ ದಿನ ಮಾತ್ರ. ಅರವತ್ತು ದಾಟಿದವರು, ಇಡೀ ರಾತ್ರಿ ಕುಳಿತು ಬಂದವರು ಓಡಲಾರರು.

ಇಲ್ಲಿಂದ ಹೋಗುವಾಗಿನ ಪಾಡು ಇನ್ನೂ ದುಬಾರಿ. ಮಳೆಗಾಲದ ಮೋಡ, ಚಳಿಗಾಲದ ಮಂಜಿನಿಂದ ಸೋಗಾನೆಯಲ್ಲಿ ಇಳಿಯಲಾಗದೆ ವಿಮಾನ ಬೆಂಗಳೂರಿಗೆ ಮರಳಿದ ಸುದ್ದಿಯನ್ನು ಪತ್ರಿಕೆಗಳಲ್ಲೇ ಓದಿದ್ದೇವೆ. ಹಾಗಾಗಿ ಇಲ್ಲಿಂದ ಹೊರಡಬೇಕಿದ್ದ ವಿಮಾನ ರದ್ದಾದರೆ ಆ ಟಿಕೆಟ್ಟಿನ ಹಣ ವಾಪಸ್ ಬರಬಹುದು. ಸಂಜೆ ಬೆಂಗಳೂರಿನಿಂದ ಹಾರಬೇಕಿದ್ದ ದುಬೈ ವಿಮಾನದ ಹಣವನ್ನು ಯಾರೂ ಕೊಡುವುದಿಲ್ಲ. ಹೊಸ ಕೆಲಸಕ್ಕೆ ಸೇರಲು ಹೊರಟ ಹುಡುಗರಿಗೆ ನಾನು ಹಿಂದಿನ ದಿನದ ರೈಲನ್ನೇ ಮಾಡಿಸುತ್ತೇನೆ. ಕೆಲವರು ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

‘ಒಂದೇ ಟಿಕೆಟ್ ಮಾಡಿದರೆ ಜಾಸ್ತಿ ಆಗುತ್ತೆ’ ಅನ್ನುವವರ ಮಾತು ಸುಳ್ಳಲ್ಲ. ಎಷ್ಟೋ ಸಲ ಅಂಥ ಟಿಕೆಟ್ ಸಿಗುವುದೇ ಇಲ್ಲ, ಏಕೆಂದರೆ ಹೊರದೇಶದ ಕಂಪನಿಗೂ ಇಲ್ಲಿಯ ಸಣ್ಣ ವಿಮಾನ ಓಡಿಸುವ ಕಂಪನಿಗೂ ನಡುವೆ ಒಪ್ಪಂದ ಇರಬೇಕು. ಇನ್ನು ಕೆಲವು ಆನ್‌ಲೈನ್ ತಾಣಗಳು ಎರಡು ಬೇರೆ ಟಿಕೆಟ್‌ಗಳನ್ನು ಒಂದೇ ಪುಟದಲ್ಲಿ, ಒಂದೇ ಮೊತ್ತಕ್ಕೆ ತೋರಿಸುತ್ತವೆ. ಲಗೇಜು ನೀವೇ ಬಿಡಿಸಿಕೊಂಡು ಮತ್ತೆ ಕೊಡಬೇಕು ಎನ್ನುವುದು ಕೆಳಗೆಲ್ಲೋ ಸಣ್ಣಕ್ಷರದ ಇಂಗ್ಲಿಷಿನಲ್ಲಿರುತ್ತದೆ. ಪಿಎನ್‌ಆರ್ ಎರಡಿದ್ದರೆ ಟಿಕೆಟ್ ಎರಡು, ಇಷ್ಟನ್ನು ನೋಡಿಕೊಂಡರೆ ಸಾಕು. ಕಂಪನಿಗಳು ಹೇಳದ ಇನ್ನೊಂದು ವಿಷಯವಿದೆ. ವಿಮಾನ ತಪ್ಪಿದರೂ ಟಿಕೆಟ್ಟಿನಲ್ಲಿ ಸೇರಿದ್ದ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆ ಶುಲ್ಕವನ್ನು ಹಿಂತಿರುಗಿಸಬೇಕೆಂದು ವಿಮಾನಯಾನದ ಮೇಲೆ ನಿಗಾ ಇಡುವ ಕೇಂದ್ರದ ಸಂಸ್ಥೆ ಡಿಜಿಸಿಎಯ ನಿಯಮವೇ ಹೇಳುತ್ತದೆ. ದೊಡ್ಡ ಮೊತ್ತವಲ್ಲ, ಆದರೂ ನಮ್ಮ ಹಣ. ಕೇಳಿ ಪಡೆಯಬೇಕು.

ಶಿವಮೊಗ್ಗದ ನಿಲ್ದಾಣವನ್ನು ನಡೆಸುತ್ತಿರುವುದು ರಾಜ್ಯ ಸರ್ಕಾರದ್ದೇ ಸಂಸ್ಥೆಯಾದ ಕೆಎಸ್‌ಐಐಡಿಸಿ. ಹಾಗಾಗಿ ಇದನ್ನು ದಿಲ್ಲಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಇಲ್ಲಿಗೆ ವಿಮಾನ ಓಡಿಸುವ ಕಂಪನಿಗಳ ಜೊತೆ ಮಾತಾಡುವಾಗ ಹೊಸ ಊರುಗಳಿಗೆ ಹಾರಾಟ ಕೇಳುವಷ್ಟೇ ಒತ್ತಾಯದಿಂದ, ಹೊರದೇಶದ ಕಂಪನಿಗಳ ಜೊತೆ ಒಂದೇ ಟಿಕೆಟ್ಟಿನ ಒಪ್ಪಂದ ಮಾಡಿಕೊಳ್ಳಿ ಎಂದೂ ಕೇಳಬೇಕು. ನಮ್ಮ ಸಂಸದರು, ಶಾಸಕರು ಈ ಮಾತನ್ನು ಎತ್ತಬೇಕು. ಅದಾಗುವವರೆಗೆ, ಬೇರೆ ಟಿಕೆಟ್ ಮಾರುವವರು ಹಣ ತೆಗೆದುಕೊಳ್ಳುವ ಮೊದಲು ಕನ್ನಡದಲ್ಲಿ ನಾಲ್ಕು ಸಾಲು ತೋರಿಸಲಿ: ವಿಮಾನ ತಪ್ಪಿದರೆ ಹಣ ಬಾರದು, ಲಗೇಜಿನ ತೂಕ ಬೇರೆ, ವೀಲ್‌ಚೇರ್ ಬೇರೆ ಕೇಳಬೇಕು, ಟರ್ಮಿನಲ್ ಯಾವುದು. ಬೆಂಗಳೂರಿನಲ್ಲಿ ಹೊರಬರುವ ಬಾಗಿಲ ಹತ್ತಿರ ರಾಜ್ಯದ ಬೇರೆ ಊರುಗಳಿಗೆ ಹೋಗುವವರನ್ನು ಕನ್ನಡದಲ್ಲಿ ವಿಚಾರಿಸಿ, ಮುಂದಿನ ಕೌಂಟರಿನವರೆಗೆ ಬಿಟ್ಟುಬರುವ ಒಂದು ವ್ಯವಸ್ಥೆಯಾಗಲಿ.

ಹೊರದೇಶದಲ್ಲಿರುವ ಮಕ್ಕಳಲ್ಲೂ ಅಳಿಯಂದಿರಲ್ಲೂ ನನ್ನದೊಂದು ಬೇಡಿಕೆ. ಒಂದೇ ಟಿಕೆಟ್ ಸಿಗದಿದ್ದರೆ ಅಪ್ಪ ಅಮ್ಮನಿಗೆ ಬೆಂಗಳೂರಿನಲ್ಲಿ ಒಂದು ರಾತ್ರಿ ಉಳಿಯಲು ಜಾಗ ಮಾಡಿ, ಮರುದಿನದ ವಿಮಾನಕ್ಕೋ ಜನಶತಾಬ್ದಿಗೋ ಟಿಕೆಟ್ ಮಾಡಿ. ಅವರು ಹೊರಡುವ ಮೊದಲೇ ಅವರ ಇಲ್ಲಿಯ ಸಿಮ್ಮಿಗೆ ರೀಚಾರ್ಜ್ ಹಾಕಿಸಿ.

— ಟಿಕೆಟ್ ಬುಕಿಂಗ್ ಅಂಗಡಿಯ ಓದುಗ, ತೀರ್ಥಹಳ್ಳಿ