ಸೈಕ್ಲೋನ್ ಹಳಿಯ ನೆತ್ತಿಯನ್ನಷ್ಟೇ ರಿಪೇರಿ ಮಾಡಿಸಬೇಡಿ

ನ್ಯೂಯಾರ್ಕ್ ನಗರದ ಉದ್ಯಾನ ಇಲಾಖೆಯ ಆಯುಕ್ತರಿಗೆ,

ಮಾನ್ಯರೇ,

ಕಡಲತೀರದ ಕೋನಿ ಐಲ್ಯಾಂಡ್‌ನ ಸೈಕ್ಲೋನ್ ಓಡಿಸುವವರು ಗುತ್ತಿಗೆದಾರರು, ಒಡೆತನ ನಗರದ್ದು. 1927ರ ಜೂನ್ 26ರಂದು ಶುರುವಾದ ಈ ರೋಲರ್ ಕೋಸ್ಟರ್ 1988ರಿಂದ ನಗರದ ಸಂರಕ್ಷಿತ ಸ್ಮಾರಕವೂ ಹೌದು. ಹಾಗಾಗಿ ಅದರ ಚಳಿಗಾಲದ ರಿಪೇರಿ ಬಗ್ಗೆ ನಿಮಗೇ ಬರೆಯುತ್ತಿದ್ದೇವೆ.

ಮರದ ಕೋಸ್ಟರ್ ಎನ್ನುತ್ತಾರೆ, ಆದರೆ ಸೈಕ್ಲೋನ್‌ನ ಕಂಬಗಳು ಉಕ್ಕಿನವು. ಮರ ಇರುವುದು ಹಳಿಯಲ್ಲಿ: ಹಲಗೆಯ ಮೇಲೆ ಹಲಗೆ ಕೂರಿಸಿ ಮೊಳೆ ಹೊಡೆದು, ನೆತ್ತಿಗೆ ಚಪ್ಪಟೆ ಉಕ್ಕಿನ ಪಟ್ಟಿಯನ್ನು ಬೋಲ್ಟ್ ಮಾಡಿದ ಹಳಿ. ಮೇಲಿನ ಹಲಗೆಗಳು ಒಂದಿಷ್ಟು ಹೊರಚಾಚಿರುತ್ತವೆ. ಅವುಗಳ ಅಡಿಯಲ್ಲಿ ಓಡುವ ಚಕ್ರಗಳೇ ಗಾಡಿ ಮೇಲೆದ್ದು ಹಾರದಂತೆ ಹಿಡಿಯುವುದು.

85 ಅಡಿ ಎತ್ತರದಿಂದ ಸುಮಾರು 60 ಡಿಗ್ರಿ ಇಳಿಜಾರಿನಲ್ಲಿ 24 ಜನರನ್ನು ಹೊತ್ತು ಗಾಡಿ ಕೆಳಗೆ ಬಂದಾಗ ವೇಗ ಗಂಟೆಗೆ 60 ಮೈಲಿ. ಆ ತಗ್ಗಿನಲ್ಲಿ ಹಲಗೆ ನಲುಗುತ್ತದೆ, ಮೊಳೆ ಸಡಿಲಾಗುತ್ತದೆ. ಸಂದಿಗಿಳಿದ ಮಳೆನೀರು ಒಣಗದೆ ಒಳಗೊಳಗೇ ಮರ ಲಡ್ಡಾಗುತ್ತದೆ. ತಿರುವಿನಲ್ಲಿ ಗಾಡಿ ಪಕ್ಕಕ್ಕೆ ತಳ್ಳಿ ಎರಡು ಹಳಿಗಳ ನಡುವಿನ ಅಂತರ ಹಿಗ್ಗುತ್ತದೆ. ಹಿಗ್ಗಿದಷ್ಟೂ ಬಡಿತ ಹೆಚ್ಚು, ಬಡಿದಷ್ಟೂ ಬೋಲ್ಟಿನ ತೂತು ಅಗಲ. ಸೊಂಟ ಹಿಡಿದುಕೊಂಡು ಇಳಿದವರು "ಹಳೇದಲ್ವಾ" ಅಂದುಬಿಡುತ್ತಾರೆ. ವಯಸ್ಸಿನ ಮೇಲೆ ಸುಮ್ಮನೆ ಅಪವಾದ.

ಉಕ್ಕಿನ ಪಟ್ಟಿ ಬಿಚ್ಚಿ ಮೇಲಿನ ಎರಡು ಹಲಗೆ ಬದಲಿಸುವುದು ಅಗ್ಗದ ದಾರಿ. ಕೆಳಗಿನ ಮರ ಗಟ್ಟಿಯಿದ್ದರೆ ಸರಿ. ಲಡ್ಡಾಗಿದ್ದರೆ ಹೊಸ ಮೊಳೆಗೆ ಹಿಡಿತವೇ ಸಿಗದು, ಹಾಕಿದ ಹಲಗೆ ದಂಡ. ಸುತ್ತಿಗೆಯಲ್ಲಿ ತಟ್ಟಿದಾಗ ಸದ್ದು ಮಂಕಾಗಿದ್ದ ಕಡೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗಿಳಿಯುವ ಕಡೆ, ಬುಡದ ಹಲಗೆಯಿಂದಲೇ ಹೊಸದಾಗಿ ಕಟ್ಟಬೇಕು. ಒಂದು ಪದರದಲ್ಲಿ ಹಲಗೆಗಳು ಕೂಡುವ ಜೋಡು ಇನ್ನೊಂದರ ಜೋಡಿನ ಮೇಲೆ ಬರಕೂಡದು. ಕೊಳೆಯದಂತೆ ಮದ್ದು ಹಾಕಿದ ಮರದಲ್ಲಿರುವ ತಾಮ್ರ ಸಾದಾ ಮೊಳೆಯನ್ನು ತಿನ್ನುತ್ತದೆ, ಆದ್ದರಿಂದ ದಪ್ಪ ಸತುವಿನ ಲೇಪದ ಮೊಳೆಯೇ ಬೇಕು. ಹೊಸ ಮರ ಒಣಗುತ್ತಾ ಕುಗ್ಗುವುದರಿಂದ, ಕೆಲವು ವಾರಗಳ ಬಳಿಕ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸುವ ಕೂಲಿಯೂ ಅಂದಾಜಿನಲ್ಲಿ ಸೇರಿರಲಿ.

ಹಲಗೆ ಎತ್ತಿದಾಗ ಅದರಡಿಯ ಉಕ್ಕನ್ನೂ ಕೆರೆದು ನೋಡಲಿ. ಕಡಲ ಉಪ್ಪುಗಾಳಿಯ ತುಕ್ಕು ಅಲ್ಲಿ ಮರೆಯಲ್ಲಿ ಕೂತಿರುತ್ತದೆ, ಬೇರೆ ಹೊತ್ತಿನಲ್ಲಿ ಕಾಣುವುದಿಲ್ಲ.

ಮರದ ಹಳಿಯ ಜಾಗಕ್ಕೆ ಕೂರಿಸುವ ಸಿದ್ಧ ಉಕ್ಕಿನ ಹಳಿಯೂ ಈಗ ಸಿಗುತ್ತದೆ. ಅದು ಬೇಡ. ಸೈಕ್ಲೋನ್‌ನಲ್ಲಿ ಮರವೆಂದು ಉಳಿದಿರುವುದೇ ಆ ಹಳಿ.

ಇಷ್ಟು ಅಡಿಗೆ ಇಷ್ಟು ದರ ಎಂಬ ಲೆಕ್ಕದ ಕೆಲಸಕ್ಕೆ ಒಪ್ಪಿಗೆ ಕೊಡಬೇಡಿ. ಪ್ರತಿ ಕಂಬಕ್ಕೂ ಸಂಖ್ಯೆ ಕೊಟ್ಟು, ಅಲ್ಲಿನ ಹಳಿಯಂತರವನ್ನು ಕೆಲಸದ ಮೊದಲೂ ಆಮೇಲೂ ಅಳೆಸಿ, ಎಷ್ಟು ಪದರ ಬದಲಾಯಿತೆಂದು ಬರೆಸಿ. ಆ ಪಟ್ಟಿ ಕೈಸೇರಿದ ಮೇಲೆಯೇ ಬಿಲ್ಲಿಗೆ ಸಹಿ ಬೀಳಲಿ.

ಇಂತಿ,
ಮರದ ಹಳಿಯ ಕೆಲಸ ಬಲ್ಲವರು