ಉಸ್ತುವಾರಿ ಸಚಿವರೇ, ನಮ್ಮ ಮೇಷ್ಟ್ರಿಗೊಂದು ಜಾಗ ಕೊಡಿ

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಪ್ರತಿ ಸೆಪ್ಟೆಂಬರ್ 5ಕ್ಕೆ ಡಾ. ರಾಧಾಕೃಷ್ಣನ್ ಫೋಟೊಗೆ ಹಾರ ಬೀಳುತ್ತದೆ. ಭಾಷಣ, ಶಾಲು, ಉಪ್ಪಿಟ್ಟು ಕೇಸರಿಬಾತ್. ನಿವೃತ್ತ ಶಿಕ್ಷಕನಾದ ನನಗೂ ಎರಡು ಶಾಲು ಬಂದಿವೆ, ಸುಮ್ನೆ ದೂರುತ್ತಿಲ್ಲ. 6ನೇ ತಾರೀಖು ಫೋಟೊ ಮತ್ತೆ ಬೀರು ಮೇಲೆ. ಬೇರೆ ಊರಿನವರಿಗೆ ಇಷ್ಟು ಸಾಕು, ಅವರ ಪಾಲಿಗೆ ಅವರು ರಾಷ್ಟ್ರಪತಿ. ಮೈಸೂರಿಗೆ ಮೇಷ್ಟ್ರು ಅಲ್ವಾ?

1918ರಲ್ಲಿ ಮಹಾರಾಜ ಕಾಲೇಜಿಗೆ ತತ್ವಶಾಸ್ತ್ರ ಹೇಳಲು ಬಂದಾಗ ಅವರಿಗೆ ಮೂವತ್ತರ ಆಸುಪಾಸು. ನಮ್ಮ ವಿಶ್ವವಿದ್ಯಾನಿಲಯ ಶುರುವಾಗಿ ಇನ್ನೂ ಎರಡೇ ವರ್ಷ. ಎಂ. ಹಿರಿಯಣ್ಣನವರು ಅಲ್ಲೇ ಸಂಸ್ಕೃತದ ಮೇಷ್ಟ್ರು. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟ ದಿನದ ಕತೆ ತಮಗೂ ಗೊತ್ತಿರುತ್ತದೆ. ಹುಡುಗರು ಗಾಡಿಯ ಕುದುರೆ ಬಿಚ್ಚಿ, ತಾವೇ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು. ಆಗ ಅವರು ಉಪರಾಷ್ಟ್ರಪತಿಯೂ ಅಲ್ಲ, ಭಾರತರತ್ನವೂ ಅಲ್ಲ. ಬರೀ ಪಾಠಕ್ಕೆ ಸಿಕ್ಕ ಮರ್ಯಾದೆ ಅದು.

ಆ ಮೂರು ವರ್ಷಕ್ಕೊಂದು ಮ್ಯೂಸಿಯಂ ಬೇಕು. ಹೊಸ ಕಟ್ಟಡ ಬೇಡ, ಕಂಚಿನ ಪ್ರತಿಮೆಯಂತೂ ಬೇಡವೇ ಬೇಡ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತ ಊರಿದು. ಹಾಗೆ ಬೀಳುವ ಮುಂಚೆ ಹಳೇ ಕಟ್ಟಡ ಒಂದನ್ನು ರಿಪೇರಿ ಮಾಡಿಸಿ ಕೊಡಿ. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನೂ 2011ರಲ್ಲಿ ಒಡೆಯಲು ಹೊರಟಿದ್ದರು. ಊರವರು ದನಿ ಎತ್ತಿದರು, ಪಾಲಿಕೆ ಮನಸ್ಸು ಮಾಡಿತು, 2016ಕ್ಕೆ ಮ್ಯೂಸಿಯಂ ಆಯಿತು. ಆಗದ ಕೆಲಸವೇನಲ್ಲ.

ಒಳಗೆ ಏನಿಡೋದು ಅಂತ ತಾವು ಕೇಳಬಹುದು. ದೆಹಲಿಯ ದೊಡ್ಡ ದೊಡ್ಡ ಫೋಟೊ ಎಲ್ಲೂ ಸಿಗುತ್ತವೆ. ಇಲ್ಲಿ ಬೇಕಾದದ್ದು ತರಗತಿ. ಆ ಕಾಲದ ಬೆಂಚು, ಪ್ರಶ್ನೆಪತ್ರಿಕೆ, ಹುಡುಗರು ಬರೆದುಕೊಂಡ ನೋಟ್ಸು. ಪಕ್ಕದಲ್ಲಿ ನೂರು ಜನ ಕೂರುವ ಹಾಲ್. ಸಂಜೆ ಕನ್ನಡದಲ್ಲಿ ಮಾತು, ಆಮೇಲೆ ಮಕ್ಕಳ ಪ್ರಶ್ನೆ. ಪ್ರಶ್ನೆಗೇ ಜಾಸ್ತಿ ಹೊತ್ತು ಇರಲಿ.

ನೋಟ್ಸು ಅಂದೆನಲ್ಲ, ಅದರದ್ದೊಂದು ತಪ್ಪೊಪ್ಪಿಗೆ ಇದೆ. ರಾಧಾಕೃಷ್ಣನ್ ಪಾಠಕ್ಕೆ ಕೂತಿದ್ದೆ ಅಂತ ನಮ್ಮ ತಾತ ಹೇಳುತ್ತಿದ್ದರು. ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಅವರ ಟ್ರಂಕ್ ಇಳಿಸಿದೆವು. ದಾರದಲ್ಲಿ ಹೊಲಿದ ನೋಟ್‌ಬುಕ್‌ಗಳು, ಅಂಚೆಲ್ಲ ಗೆದ್ದಲು. ಧೂಳಿಗೆ ಎಲ್ಲರಿಗೂ ಸೀನು. ನಾನೇ ಗುಜರಿಯವನನ್ನು ಕೂಗಿದೆ. ಎರಡು ಸಲ ತಕ್ಕಡಿ ಎತ್ತಿದ, ಮುಗಿಯಿತು. ಟ್ರಂಕಿನ ತಳಕ್ಕೆ ಅಂಟಿದ್ದ ಒಂದೇ ಹಾಳೆ ಉಳಿದಿದೆ. ನಡುವೆ ಇಂಗ್ಲಿಷಿನಲ್ಲಿ ಪಾಠ. ಎಡ ಅಂಚಿನಲ್ಲಿ ಕನ್ನಡದಲ್ಲಿ, ಕ್ಷೌರ 1 ಆಣೆ, ದೀಪದೆಣ್ಣೆ 2 ಆಣೆ.

ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಹಳೇ ಮನೆಗಳು ಅಪಾರ್ಟ್‌ಮೆಂಟ್‌ಗೆ ದಾರಿ ಬಿಡುತ್ತಿವೆ. ಮನೆ ಬೀಳುವ ಮುಂಚೆ ಅಟ್ಟ ಖಾಲಿಯಾಗುತ್ತದೆ, ಅಟ್ಟ ಖಾಲಿ ಮಾಡುವವನು ಗುಜರಿಯವನೇ. ಅದಕ್ಕೇ ಕಟ್ಟಡ ತಡವಾದರೂ ಪರವಾಗಿಲ್ಲ, ಕಾಗದ ಕೂಡಿಸುವ ಕೆಲಸ ಈ ವರ್ಷವೇ ಶುರುವಾಗಲಿ. ಜನ ಕೊಡುತ್ತಾರೆ, ಆದರೆ ಹೆದರುತ್ತಾರೆ. ನನ್ನ ಪರಿಚಯದವರೊಬ್ಬರು ಪ್ರದರ್ಶನಕ್ಕೆ ಅಂತ ತಂದೆಯ ಹಳೇ ಫೋಟೊಗಳನ್ನು ಒಂದು ಕಚೇರಿಗೆ ಕೊಟ್ಟರು. ಈಗ ಹೋಗಿ ಕೇಳಿದರೆ ‘ಯಾವ ಫೋಟೊ?’ ಅನ್ನುತ್ತಾರಂತೆ.

ಹಾಗಾಗಿ ಸದ್ಯಕ್ಕೆ ಒಂದು ಮೇಜು, ಬೀಗ ಇರುವ ಒಂದು ಬೀರು, ಒಂದು ರಸೀದಿ ಪುಸ್ತಕ, ಅದರ ಮುಂದೆ ಕೂರಲು ಒಬ್ಬರು. ಇಷ್ಟು ಮಾಡಿಸಿ. ನನ್ನ ಹಾಳೆಯನ್ನು ಮೊದಲ ದಿನವೇ ತರುತ್ತೇನೆ. ರಸೀದಿಯಲ್ಲಿ ತಾತನ ಹೆಸರು ಬರೆದರೆ ಸಾಕು, ನನ್ನದು ಬೇಡ.

ಇಂತಿ,
ಚಾಮರಾಜಪುರಂನ ಒಬ್ಬ ನಿವೃತ್ತ ಮೇಷ್ಟ್ರು