ಬಾರ್‌ಸ್ಟೋದಲ್ಲಿ ಗ್ಯಾಸಿಗಷ್ಟೇ ನಿಲ್ಲಬೇಡಿ

ಥ್ಯಾಂಕ್ಸ್‌ಗಿವಿಂಗ್ ರಜೆ ಬಂತೆಂದರೆ ಲಾಸ್ ಏಂಜಲೀಸಿನ ನಮ್ಮ ಅರ್ಧ ಮಂದಿ ವೇಗಸ್ ಹಾದಿಯಲ್ಲಿರುತ್ತೇವೆ. ಬಾರ್‌ಸ್ಟೋದಲ್ಲಿ ಗ್ಯಾಸ್, ಒಂದು ಕಾಫಿ, ಮತ್ತೆ ಐ-15 ಹೆದ್ದಾರಿ. "ಆ ಊರಲ್ಲಿ ಗ್ಯಾಸ್ ಸ್ಟೇಷನ್ ಬಿಟ್ಟು ಇನ್ನೇನೂ ಇಲ್ವಾ?" ಎಂದು ಗೊಂಬೆ ಆರತಿಗೆ ಬಂದಿದ್ದ ಪುಟಾಣಿಯೊಬ್ಬಳು ಕೇಳಿದಳು. ಇದೆ ಪುಟ್ಟಿ. ಈ ಸಲದ ಪುಟ ಅದಕ್ಕೇ ಮೀಸಲು.

ಊರಿಗೆ ಹೆಸರು ಬಂದದ್ದೇ ರೈಲಿನಿಂದ. ಸಾಂಟಾ ಫೆ ರೈಲ್ವೆಯ ಅಧ್ಯಕ್ಷ ವಿಲಿಯಂ ಬಾರ್‌ಸ್ಟೋ ಸ್ಟ್ರಾಂಗ್ ಅವರ ನಡುಹೆಸರು ಅದು. ಮೇನ್ ಸ್ಟ್ರೀಟಿನಿಂದ ಫಸ್ಟ್ ಅವೆನ್ಯೂ ಸೇತುವೆ ಹತ್ತಿ ಹಳಿಗಳ ಆಚೆ ಇಳಿದರೆ ಕಮಾನುಗಳ ಉದ್ದನೆಯ ರೈಲು ಸ್ಟೇಷನ್ ಕಟ್ಟಡ, ಕಾಸಾ ಡೆಲ್ ಡೆಸಿಯೆರ್ಟೊ, ಅಂದರೆ ಮರುಭೂಮಿಯ ಮನೆ. ಹಿಂದಿನ ಕಟ್ಟಡ 1908ರಲ್ಲಿ ಸುಟ್ಟುಹೋದ ಮೇಲೆ 1911ರಲ್ಲಿ ಇದು ಎದ್ದಿತು. 1992ರ ಭೂಕಂಪದಲ್ಲಿ ಪೆಟ್ಟು ತಿಂದು, ದುರಸ್ತಿಯಾಗಿ 1999ರಲ್ಲಿ ಮತ್ತೆ ತೆರೆಯಿತು.

ಇದು ಹಾರ್ವೆ ಹೌಸ್, ಅಂದರೆ ಫ್ರೆಡ್ ಹಾರ್ವೆ ಕಂಪನಿ ರೈಲು ಪ್ರಯಾಣಿಕರಿಗೆಂದು ನಡೆಸುತ್ತಿದ್ದ ಊಟದ ಮನೆ. ರೈಲು ನಿಲ್ಲುತ್ತಿದ್ದುದು ಸುಮಾರು ಅರ್ಧ ಗಂಟೆ. ಅಷ್ಟರಲ್ಲಿ ಎಲ್ಲರ ಊಟ ಮುಗಿಯಬೇಕು. ಊಟಕ್ಕೆ ಎಷ್ಟು ಜನ ಇಳಿಯುತ್ತಾರೆಂದು ಗಾರ್ಡು ದಾರಿಯಲ್ಲೇ ಎಣಿಸಿ ಮುಂದಿನ ನಿಲ್ದಾಣಕ್ಕೆ ತಂತಿ ಕಳಿಸುತ್ತಿದ್ದ. ರೈಲು ಬಂದೊಡನೆ ಜಾಗಟೆ. ಬಡಿಸುವ ಹುಡುಗಿ ಯಾರಿಗೆ ಏನು ಕುಡಿಯಲು ಬೇಕೆಂದು ಕೇಳಿ ಕಪ್ಪನ್ನು ತಿರುಗಿಸಿಟ್ಟು ಹೋಗುವಳು: ನೆಟ್ಟಗಿದ್ದರೆ ಕಾಫಿ, ಬೋರಲಾಗಿದ್ದರೆ ಟೀ, ಸಾಸರಿನಿಂದ ಕೆಳಗೆ ಬೋರಲಿಟ್ಟರೆ ಹಾಲು. ಹಿಂದೆ ಬಂದವಳು ಒಂದು ಮಾತೂ ಕೇಳದೆ ಸುರಿಯುವಳು.

ನಮ್ಮ ಮದ್ದೂರು ವಡೆ ನೆನಪಾಗದಿದ್ದರೆ ಹೇಗೆ! 1917ರಲ್ಲಿ ರಾಮಚಂದ್ರ ಬುಧ್ಯರು ಮದ್ದೂರು ಸ್ಟೇಷನ್ನಿನಲ್ಲಿ ಇಡ್ಲಿ, ಪಕೋಡ ಮಾರುತ್ತಿದ್ದರು. ಒಂದು ದಿನ ರೈಲು ಬೇಗ ಬಂದುಬಿಟ್ಟಿತಂತೆ. ಪಕೋಡ ಉಂಡೆಉಂಡೆಯಾಗಿ ಒಳಗೆ ಬೇಯಲು ಹೊತ್ತು ಬೇಕು. ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ ಎಣ್ಣೆಗೆ ಬಿಟ್ಟರು. ತೆಳ್ಳಗಾದದ್ದರಿಂದ ಬೇಗ ಬೆಂದಿತು, ಗರಿಗರಿಯಾಯಿತು. ಈರುಳ್ಳಿ, ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟು, ಮೇಲೊಂದಿಷ್ಟು ಕಾದ ಎಣ್ಣೆ. ನೀರು ಹೆಚ್ಚಾದರೆ ಮೆತ್ತಗಾಗಿ ಎಣ್ಣೆ ಕುಡಿಯುತ್ತದೆ. ಅಲ್ಲಿ ಕಪ್ಪಿನ ಸಂಕೇತ, ಇಲ್ಲಿ ವಡೆ, ಎರಡನ್ನೂ ಮಾಡಿಸಿದ್ದು ರೈಲಿನ ಗಡಿಯಾರ.

ಹೋಗುವವರಿಗೆ: ಕಟ್ಟಡದಲ್ಲಿರುವ ರೈಲು ಮ್ಯೂಸಿಯಂ, ಹಳೆಯ ಹೆದ್ದಾರಿ ರೂಟ್ 66ರ ಮ್ಯೂಸಿಯಂ ಎರಡನ್ನೂ ನಡೆಸುವವರು ಸ್ವಯಂಸೇವಕರು. ತೆರೆಯುವುದು ವಾರಾಂತ್ಯದಲ್ಲಿ, ಅದೂ ಕೆಲವೇ ಗಂಟೆ. ಹೊರಡುವ ಮುನ್ನ ಫೋನ್ ಮಾಡಿ. ಆಮ್‌ಟ್ರ್ಯಾಕ್ ಪ್ರಯಾಣಿಕರ ಗಾಡಿ ಬರುವುದು ರಾತ್ರಿ ಹೊತ್ತು, ಹಗಲಲ್ಲಿ ಗೂಡ್ಸ್ ಮಾತ್ರ. ಭಾನುವಾರ ಬೇಡ, ಸಂಜೆ ವೇಗಸ್‌ನಿಂದ ಮರಳುವ ಕಾರುಗಳಲ್ಲಿ ಸಿಕ್ಕಿಬೀಳುತ್ತೀರಿ.

ಕ್ಯಾಲಿಕೊ ಆಮೇಲೆ. 1881ರ ಬೆಳ್ಳಿ ಗಣಿಯೂರು. ಬೆಳ್ಳಿ ಬೆಲೆ ಬಿದ್ದಾಗ ಖಾಲಿಯಾಯಿತು. 1951ರಲ್ಲಿ ಅದನ್ನು ಕೊಂಡ, ನಾಟ್ಸ್ ಬೆರ್ರಿ ಫಾರ್ಮ್ ಪಾರ್ಕಿನ ವಾಲ್ಟರ್ ನಾಟ್ ಐದು ಹಳೆಯ ಕಟ್ಟಡ ಉಳಿಸಿಕೊಂಡು ಮಿಕ್ಕಿದ್ದನ್ನು ಹೊಸದಾಗಿ ಕಟ್ಟಿಸಿದರು. ಮಕ್ಕಳಿಗೆ ಗಣಿಯ ಸುರಂಗ ಹಿಡಿಸುತ್ತದೆ. ಹಳೆಯದನ್ನೇ ನೋಡಬೇಕೆಂದರೆ ನನ್ನ ಮತ ಸ್ಟೇಷನ್ನಿಗೆ. ರೇನ್‌ಬೋ ಬೇಸಿನ್ನಿನ ಬಣ್ಣದ ಗುಡ್ಡಗಳ ಸುತ್ತು ಒಮ್ಮುಖದ ಮಣ್ಣುರಸ್ತೆ. ಮಳೆ ಬಿದ್ದ ಮೇಲೆ ಜಾರುತ್ತದೆ, ಅಲ್ಲಿ ಕುಡಿಯುವ ನೀರಿಲ್ಲ. ತಲೆಗೆ 4 ಲೀಟರ್ ಕಾರಲ್ಲಿರಲಿ.

ಸಂಘದ ಬಾರ್‌ಸ್ಟೋ ಪ್ರವಾಸ ಡಿಸೆಂಬರ್ ಎರಡನೇ ಶನಿವಾರ, ಬೆಳಿಗ್ಗೆ 7ಕ್ಕೆ ಹೊರಡುವುದು. ರಾಜ್ಯೋತ್ಸವದ ಊಟದ ಕೂಪನ್ ಬಾಗಿಲಲ್ಲಿ ಸಿಗುವುದಿಲ್ಲ, ಮೊದಲೇ ತೆಗೆದುಕೊಳ್ಳಿ. ಕನ್ನಡ ಕಲಿ ತರಗತಿಗೆ ಥ್ಯಾಂಕ್ಸ್‌ಗಿವಿಂಗ್ ವಾರ ರಜೆ. ಹಳೆ ಗೊಂಬೆಗಳ ಡಬ್ಬ ಯಾರ ಗರಾಜಿನಲ್ಲಿದೆಯೋ ದಯವಿಟ್ಟು ತಿಳಿಸಿ.

ಪ್ರವಾಸಕ್ಕೆ ಇನ್ನೆರಡು ವ್ಯಾನು, ಅವನ್ನು ಓಡಿಸುವವರು ಬೇಕು. ಪತ್ರಿಕೆಯ ಪ್ರೂಫ್ ನೋಡಲು ಒಬ್ಬರು ಬಂದರೂ ಸಾಕು. ತಿಂಗಳಿಗೆ ಎರಡು ಸಂಜೆಯ ಕೆಲಸ. ಇದನ್ನು ಬರೆಯುವಾಗ ರಾತ್ರಿ ಒಂದೂವರೆ, ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ತಪ್ಪು ಕಂಡರೆ ತಿದ್ದಿಕೊಂಡು ಓದಿ, ಮುಂದಿನ ತಿಂಗಳು ತಿದ್ದಲು ನೀವೇ ಬನ್ನಿ.